ಶಾಲೆಯ ಲ್ಯಾಪ್‌ಟಾಪ್: ಹೊಸ ವಿಂಡೋಸ್ ಹಾಕಿಸಬೇಕೆ, ಬೇಡವೆ?



ನಿಮ್ಮ ಶಾಲೆಯ ಲ್ಯಾಪ್‌ಟಾಪನ್ನು ತೆರೆದಾಗ ಪರದೆಯ ಮೇಲೆ ಒಂದು ಸೂಚನೆ ಬಂದಿರಬಹುದು. ವಿಂಡೋಸ್ 10ರ ಸೇವೆ ಮುಗಿಯಿತು, ವಿಂಡೋಸ್ 11ಕ್ಕೆ ಬನ್ನಿ ಎಂಬುದು ಅದರ ಸಾರಾಂಶ. ಮೈಕ್ರೋಸಾಫ್ಟ್ ಕಂಪನಿಯು 2015ರ ಜುಲೈ 29ರಂದು ಬಿಡುಗಡೆ ಮಾಡಿದ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಸೇವೆಯನ್ನು ನಿಲ್ಲಿಸಿತು. ಈಗ ಏನು ಮಾಡಬೇಕು? ಅಂಗಡಿಯವರನ್ನು ಕೇಳಿದರೆ ‘ಇದು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ’ ಎನ್ನುತ್ತಾರೆ. ಸಹೋದ್ಯೋಗಿಗಳನ್ನು ಕೇಳಿದರೆ ‘ಓಡುತ್ತಿದೆಯಲ್ಲ ಸರ್, ಅದರ ತಂಟೆಗೆ ಹೋಗಬೇಡಿ’ ಎನ್ನುತ್ತಾರೆ. ಈ ಎರಡೂ ಉತ್ತರಗಳು ಲ್ಯಾಪ್‌ಟಾಪನ್ನು ನೋಡದೆ ಕೊಟ್ಟ ಉತ್ತರಗಳು. ಆ ಯಂತ್ರದಲ್ಲಿ ಏನಿದೆ, ಅದರಿಂದ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ನೋಡಿದ ಮೇಲೆಯೇ ತೀರ್ಮಾನ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಹೊಳಲೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಶಿವಮೊಗ್ಗದಿಂದ ಹೊನ್ನಾಳಿಯ ಕಡೆಗೆ ಹೋಗುವ ದಾರಿಯ ಊರು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಮುಂದೆ ಹರಿಯುವ ಸೀಮೆ. ಇಂಥ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಏಳೆಂಟು ವರ್ಷದ ಹಿಂದೆ ಬಂದ ಒಂದು ಲ್ಯಾಪ್‌ಟಾಪ್ ಇದೆ ಎಂದುಕೊಳ್ಳಿ. ಅದರ ಬೆಲೆ ಎಷ್ಟು ಎಂದು ಕೇಳಿದರೆ ಯಾರಾದರೂ ಹೇಳಿಯಾರು. ಆದರೆ ಅದರೊಳಗೆ ಏನೇನಿದೆ? ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು, ದಾಖಲಾತಿ ಪಟ್ಟಿಗಳು, ವರ್ಗಾವಣೆ ಪತ್ರದ ನಮೂನೆ, ಎಸ್‌ಡಿಎಂಸಿ ಸಭೆಯ ನಡಾವಳಿ, ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿಯ ಚಿತ್ರಗಳು. ಇವುಗಳಲ್ಲಿ ಹೆಚ್ಚಿನವು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದವು. ಯಂತ್ರ ಹೋದರೆ ಇನ್ನೊಂದು ಬರಬಹುದು, ಇವು ಹೋದರೆ ಬರುವುದಿಲ್ಲ.

ಮೊದಲು, ಕಾರ್ಯಾಚರಣಾ ವ್ಯವಸ್ಥೆ ಎಂದರೇನು? ತುಂಗಾ ಅಣೆಕಟ್ಟಿನ ನಾಲೆಗಳಿಂದ ಶಿವಮೊಗ್ಗ, ಹೊನ್ನಾಳಿ ಕಡೆಯ ಗದ್ದೆಗಳಿಗೆ ನೀರು ಹರಿಯುವುದನ್ನು ನೀವು ನೋಡಿದ್ದೀರಿ. ನಾಲೆ ಒಂದು, ಗದ್ದೆಗಳು ನೂರಾರು. ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಯಾರಿಗೂ ನೀರು ಸಾಲದು. ಅದಕ್ಕೇ ಹಿಂದಿನಿಂದಲೂ ನಮ್ಮ ಊರುಗಳಲ್ಲಿ ನೀರುಗಂಟಿ ಎಂಬ ಕೆಲಸಗಾರನಿದ್ದ. ಇಂದು ಯಾರ ಸರದಿ, ಯಾರಿಗೆ ಎಷ್ಟು ಹೊತ್ತು, ಯಾರ ತೂಬು ಮುಚ್ಚಬೇಕು ಎಂದು ನೋಡುವವನು ಅವನು. ಲ್ಯಾಪ್‌ಟಾಪಿನೊಳಗೂ ಹೀಗೆಯೇ. ಲೆಕ್ಕ ಮಾಡುವ ಪ್ರೊಸೆಸರ್, ಆ ಹೊತ್ತಿಗೆ ಬೇಕಾದುದನ್ನು ಹಿಡಿದಿಡುವ ಮೆಮೊರಿ, ಕಡತಗಳನ್ನು ಉಳಿಸುವ ಡಿಸ್ಕ್ ಇವೆಲ್ಲ ಒಂದೊಂದೇ. ಆದರೆ ಅವುಗಳನ್ನು ಕೇಳುವ ತಂತ್ರಾಂಶಗಳು ಹಲವು. ನುಡಿ, ವರ್ಡ್, ಅಂತರಜಾಲ ನೋಡುವ ಬ್ರೌಸರ್, ವಿಡಿಯೋ ತೋರಿಸುವ ತಂತ್ರಾಂಶ ಎಲ್ಲವೂ ತಮಗೆ ಬೇಕು ಎನ್ನುತ್ತವೆ. ಪ್ರತಿಯೊಂದಕ್ಕೂ ಸೆಕೆಂಡಿನ ಸಣ್ಣ ಸಣ್ಣ ಭಾಗಗಳಷ್ಟು ಸರದಿ ಕೊಟ್ಟು, ಒಂದು ಇನ್ನೊಂದರ ಜಾಗಕ್ಕೆ ಕಾಲಿಡದಂತೆ ನೋಡಿಕೊಳ್ಳುವ ನೀರುಗಂಟಿಯೇ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್, ಲಿನಕ್ಸ್, ಮೊಬೈಲಿನ ಆಂಡ್ರಾಯ್ಡ್ ಇವೆಲ್ಲ ಈ ಜಾತಿಯವು.

ಹಾಗಾದರೆ ‘ಸೇವೆ ಮುಗಿಯಿತು’ ಎಂದರೆ ಏನು? 2025ರ ಅಕ್ಟೋಬರ್ 15ರ ಬೆಳಿಗ್ಗೆ ಯಾವ ಲ್ಯಾಪ್‌ಟಾಪೂ ನಿಂತುಹೋಗಲಿಲ್ಲ. ವಿಂಡೋಸ್ 10 ಹಿಂದಿನ ದಿನದಂತೆಯೇ ತೆರೆದುಕೊಂಡಿತು. ನಿಂತದ್ದು ತೇಪೆ ಹಾಕುವ ಕೆಲಸ. ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡುವುದು ಹೊಳಲೂರಿನ ಮಕ್ಕಳಿಗೆ ಹೊಸ ವಿಷಯವಲ್ಲ. ರಾತ್ರಿ ತುಂಬಿದ್ದ ಗದ್ದೆ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತದೆ. ರೈತರು ಬದುವಿನ ಮೇಲೆ ನಡೆದು ಬಿಲ ಹುಡುಕಿ, ಕೆಸರು ತುಂಬಿ ತುಳಿಯುತ್ತಾರೆ. ಕಾರ್ಯಾಚರಣಾ ವ್ಯವಸ್ಥೆಯು ಕೋಟಿಗಟ್ಟಲೆ ಸಾಲುಗಳ ಬರವಣಿಗೆ. ಮನುಷ್ಯರು ಬರೆದದ್ದು. ಅದರಲ್ಲಿ ಬಿಲಗಳು ಇದ್ದೇ ಇರುತ್ತವೆ. ಒಂದೊಂದಾಗಿ ಪತ್ತೆಯಾಗುತ್ತವೆ, ಪತ್ತೆಯಾದಂತೆ ಮುಚ್ಚಲಾಗುತ್ತದೆ. ಮೈಕ್ರೋಸಾಫ್ಟ್ ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಥ ತೇಪೆಗಳನ್ನು ಅಂತರಜಾಲದ ಮೂಲಕ ಕಳುಹಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂದು ಪಾಠದ ನಡುವೆಯೇ ಹಟ ಹಿಡಿಯುವುದು ಬಹುಮಟ್ಟಿಗೆ ಇದಕ್ಕಾಗಿಯೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ವಿಂಡೋಸ್ 10 ಮತ್ತು 11ರ ಒಳಗಿನ ಬರವಣಿಗೆಯಲ್ಲಿ ಬಹುಭಾಗ ಸಮಾನ. ವಿಂಡೋಸ್ 11ರಲ್ಲಿ ಒಂದು ಬಿಲ ಮುಚ್ಚಿದ ಸುದ್ದಿ ಹೊರಬಿದ್ದೊಡನೆ, ತೇಪೆಯನ್ನು ಬಿಚ್ಚಿ ನೋಡಿದ ಕಳ್ಳರಿಗೆ ಬಿಲ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಅದೇ ಬಿಲ ವಿಂಡೋಸ್ 10ರಲ್ಲೂ ಇದ್ದರೆ? ಅಲ್ಲಿ ಮುಚ್ಚುವವರಿಲ್ಲ. ಮೇಲಿನ ಗದ್ದೆಯವರು ಬಿಲ ಮುಚ್ಚಿಕೊಂಡು, ಎಲ್ಲಿ ಮುಚ್ಚಿದೆವೆಂದು ಊರಿಗೆಲ್ಲ ಸಾರಿದ ಹಾಗೆ. ಆದ್ದರಿಂದ ಸೇವೆ ಮುಗಿದ ವ್ಯವಸ್ಥೆಯು ಮೊದಲ ದಿನ ಅಪಾಯಕಾರಿಯಲ್ಲ. ತಿಂಗಳು ಕಳೆದಂತೆ ಅಪಾಯ ಹೆಚ್ಚುತ್ತ ಹೋಗುತ್ತದೆ.

ಇದು ಬರಿಯ ಹೆದರಿಕೆಯ ಮಾತೆ? 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಹರಡಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿ, ಬೀಗ ತೆರೆಯಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸುವ ಸ್ಥಿತಿ ಬಂತು. ಅದು ನುಗ್ಗಿದ ಬಿಲವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು, ಬಿಡುಗಡೆ ಮಾಡಿತ್ತು. ಬಲಿಯಾದವುಗಳಲ್ಲಿ ಹೆಚ್ಚಿನವು ವಿಂಡೋಸ್ 7ರ ಯಂತ್ರಗಳು. ಆಗ ವಿಂಡೋಸ್ 7ಕ್ಕೆ ಸೇವೆ ಇನ್ನೂ ಇತ್ತು, ತೇಪೆಯೂ ಸಿದ್ಧವಿತ್ತು. ಹಾಕಿಕೊಂಡಿರಲಿಲ್ಲ ಅಷ್ಟೆ. ಅಂದರೆ ವ್ಯವಸ್ಥೆ ಹೊಸದೋ ಹಳೆಯದೋ ಎಂಬುದಕ್ಕಿಂತ ಬಿಲ ಮುಚ್ಚಿದೆಯೋ ಇಲ್ಲವೋ ಎಂಬುದೇ ಮುಖ್ಯ. ವಿಂಡೋಸ್ 11 ಹಾಕಿಸಿಕೊಂಡು ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸಿ ಇಟ್ಟುಕೊಳ್ಳುವವರು ಇದನ್ನು ಯೋಚಿಸಬೇಕು.

ಈಗ ಹೊಳಲೂರಿನ ಆ ಲ್ಯಾಪ್‌ಟಾಪಿಗೆ ಬರೋಣ. ಅದು ಅಂತರಜಾಲಕ್ಕೆ ಹೋಗುತ್ತದೆಯೆ? ನನ್ನ ದೃಷ್ಟಿಯಲ್ಲಿ ಇದೇ ಮೊದಲ ಪ್ರಶ್ನೆ. ಕೆಲವು ಶಾಲೆಗಳಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಮಕ್ಕಳಿಗೆ ವಿಡಿಯೋ ತೋರಿಸಲು ಮಾತ್ರ ಬಳಸುತ್ತಾರೆ. ಅದು ಎಂದೂ ಅಂತರಜಾಲಕ್ಕೆ ಹೋಗುವುದಿಲ್ಲ, ಊರೆಲ್ಲ ಸುತ್ತಿದ ಪೆನ್‌ಡ್ರೈವ್ ಕೂಡ ಅದಕ್ಕೆ ಸೇರುವುದಿಲ್ಲ ಎಂದಾದರೆ ಅದನ್ನು ಇದ್ದ ಹಾಗೆಯೇ ಬಿಡಿ. ಸೌರಮಂಡಲದ ವಿಡಿಯೋ ತೋರಿಸಲು ವಿಂಡೋಸ್ 7 ಆದರೂ ಸಾಕು. ಹೊಸದಕ್ಕೆ ಹೋಗಿ ಪ್ರೊಜೆಕ್ಟರ್ ಹೊಂದಿಕೊಳ್ಳದೆ ಒದ್ದಾಡುವುದೇಕೆ?

ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಎಸ್‌ಎಟಿಎಸ್‌ಗೆ ಮಕ್ಕಳ ವಿವರ ತುಂಬುತ್ತಿದ್ದರೆ, ಯು-ಡೈಸ್ ಮಾಹಿತಿ ಕಳುಹಿಸುತ್ತಿದ್ದರೆ, ವಿದ್ಯಾರ್ಥಿವೇತನಕ್ಕೆಂದು ಮಕ್ಕಳ ಆಧಾರ್ ಸಂಖ್ಯೆ, ತಂದೆತಾಯಿಯ ಬ್ಯಾಂಕ್ ಖಾತೆಯ ಸಂಖ್ಯೆ ಬರೆದಿಟ್ಟಿದ್ದರೆ ವಿಷಯ ಬೇರೆ. ಅದು ಶಾಲೆಯ ಸ್ವತ್ತಷ್ಟೇ ಅಲ್ಲ, ಮಕ್ಕಳ ಮನೆಯವರು ನಂಬಿ ಕೊಟ್ಟ ವಿವರ. ಬಿಲ ಮುಚ್ಚದ ಬದುವಿನ ಒಳಗೆ ಅದನ್ನು ಇಡಬಾರದು. ‘ನಮ್ಮ ಹಳ್ಳಿ ಶಾಲೆಯ ಲ್ಯಾಪ್‌ಟಾಪಿನಿಂದ ಯಾರಿಗೇನು ಸಿಗುತ್ತದೆ?’ ಎಂಬ ಮಾತನ್ನು ಹಲವರು ಆಡುತ್ತಾರೆ. ಇಂಥ ದುಷ್ಟ ತಂತ್ರಾಂಶಗಳು ಯಾರ ಮನೆ ಎಂದು ವಿಚಾರಿಸಿ ನುಗ್ಗುವುದಿಲ್ಲ. ತೆರೆದ ಬಿಲವಿದ್ದಲ್ಲಿ ತಾವಾಗಿ ನುಗ್ಗುತ್ತವೆ. ವನ್ನಾಕ್ರೈ ಹರಡಿದ್ದೂ ಹಾಗೆಯೇ.

ಇನ್ನೊಂದು ವಿಷಯ. ಕಾರ್ಯಾಚರಣಾ ವ್ಯವಸ್ಥೆಯ ಸೇವೆ ನಿಂತ ಕೆಲಕಾಲಕ್ಕೆ ಉಳಿದ ತಂತ್ರಾಂಶಗಳೂ ಕೈಬಿಡುತ್ತವೆ. ವಿಂಡೋಸ್ 7ರ ಸೇವೆ 2020ರ ಜನವರಿ 14ರಂದು ನಿಂತಿತು. 2023ರ ಆರಂಭದಲ್ಲಿ ಗೂಗಲ್‌ನ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳು ವಿಂಡೋಸ್ 7ಕ್ಕೆ ಬರುವುದು ನಿಂತಿತು. ಅಂದರೆ ಮೂರು ವರ್ಷದ ಅಂತರ. ವಿಂಡೋಸ್ 10ಕ್ಕೂ ಇಂಥದೊಂದು ದಿನ ಬರುತ್ತದೆ. ಇಂದೇ ಓಡಿಹೋಗಿ ಏನಾದರೂ ಮಾಡಬೇಕಾದ ಗಡಿಬಿಡಿ ಇಲ್ಲ. ಆದರೆ ವರ್ಷಗಟ್ಟಲೆ ಮುಂದೂಡುವಂತೆಯೂ ಇಲ್ಲ.

ಎರಡನೆಯ ಪ್ರಶ್ನೆ, ಆ ಯಂತ್ರ ವಿಂಡೋಸ್ 11ನ್ನು ಒಪ್ಪುತ್ತದೆಯೆ ಎಂಬುದು. ಇದನ್ನು ಮಕ್ಕಳೇ ಪತ್ತೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ಎಂಬ ಪುಟವನ್ನು ತೆರೆಯಿರಿ. ಅಲ್ಲಿ ಪ್ರೊಸೆಸರ್‌ನ ಹೆಸರು ಇರುತ್ತದೆ. ‘ಇಂಟೆಲ್ ಕೋರ್ ಐ3-7020ಯು’ ಎಂದಿದ್ದರೆ ಅಡ್ಡಗೆರೆಯ ಮುಂದಿನ 7 ಎಂಬುದು ಅದು ಏಳನೆಯ ಪೀಳಿಗೆ ಎಂದು ಹೇಳುತ್ತದೆ. ‘ಐ5-8250ಯು’ ಎಂದಿದ್ದರೆ ಎಂಟನೆಯದು. ಅಡ್ಡಗೆರೆಯ ಮುಂದಿನ ಸಂಖ್ಯೆ 1ರಿಂದ ಆರಂಭವಾದರೆ ಮೊದಲ ಎರಡು ಅಂಕಿಗಳನ್ನು ಓದಿ. ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಎಂಟನೆಯ ಪೀಳಿಗೆ ಮತ್ತು ನಂತರದವನ್ನು ಮಾತ್ರ ವಿಂಡೋಸ್ 11 ಒಪ್ಪುತ್ತದೆ. ಅದೇ ಪುಟದಲ್ಲಿ ಮೆಮೊರಿ ಎಷ್ಟಿದೆ ಎಂದೂ ಬರೆದಿರುತ್ತದೆ. ಕನಿಷ್ಠ 4 ಜಿಬಿ ಇರಬೇಕು, 8 ಇದ್ದರೆ ವಾಸಿ. ಡಿಸ್ಕ್ ಕನಿಷ್ಠ 64 ಜಿಬಿ ಇರಬೇಕು. ಇವಲ್ಲದೆ ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಭಾಗವೊಂದು ಯಂತ್ರದಲ್ಲಿರಬೇಕು. ಇಷ್ಟೆಲ್ಲ ನೋಡಲು ಬೇಸರವಾದರೆ ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹೌದು ಅಥವಾ ಇಲ್ಲ ಎಂದು ಹೇಳಿಬಿಡುತ್ತದೆ.

ಹೌದು ಎಂದು ಬಂದರೆ? ಹಾಕಿಸಿಕೊಳ್ಳಿ. ಪರವಾನಗಿ ಇರುವ ವಿಂಡೋಸ್ 10ರಿಂದ 11ಕ್ಕೆ ಹೋಗಲು ಹಣ ಕೊಡಬೇಕಿಲ್ಲ. ಇಲ್ಲ ಎಂದು ಬಂದ ಯಂತ್ರಕ್ಕೂ ‘ಹೇಗೋ ಮಾಡಿ 11 ಹಾಕಿಕೊಡುತ್ತೇನೆ’ ಎನ್ನುವವರಿದ್ದಾರೆ. ಹಾಕಲು ಬರುವುದು ನಿಜ. ಆದರೆ ಅಂಥ ಯಂತ್ರಗಳಿಗೆ ತೇಪೆ ಬರುತ್ತದೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ನಾವು ಹೊಸದಕ್ಕೆ ಹೋಗುತ್ತಿರುವುದೇ ತೇಪೆಗಾಗಿ. ಅದೇ ಇಲ್ಲವೆಂದ ಮೇಲೆ ಈ ಸಾಹಸದಿಂದ ಸಿಗುವುದು ಪರದೆಯ ಹೊಸ ಅಂದ ಮಾತ್ರ.

ಮುಂದಿನ ದಾರಿಗೆ ಹೋಗುವ ಮೊದಲು ನುಡಿಯ ಬಗ್ಗೆ ಹೇಳಲೇಬೇಕು. ಕನ್ನಡ ಶಾಲೆಗಳ ಮಟ್ಟಿಗೆ ನಿಜವಾದ ನಷ್ಟ ಆಗುವುದು ಇಲ್ಲಿ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು ಅದನ್ನು ಉಳಿಸುತ್ತದೆ. ಒಂದು ಕಾಲಕ್ಕೆ ಆ ಸಂಖ್ಯೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಿಗೆ ಮಾತ್ರ ಜಾಗವಿತ್ತು. ಕನ್ನಡ ಬೇಕಾದವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸಿ, ಪರದೆಯ ಮೇಲೆ ಆ ಅಕ್ಷರದ ಬದಲು ಕನ್ನಡ ಅಕ್ಷರದ ತುಣುಕು ಕಾಣುವಂತೆ ಫಾಂಟ್ ರಚಿಸಿದರು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ನುಡಿ ತಂತ್ರಾಂಶವನ್ನು ರೂಪಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ನುಡಿಯಲ್ಲಿಯೇ ನಮ್ಮ ಶಿಕ್ಷಕರಲ್ಲಿ ಬಹುಮಂದಿ ಕನ್ನಡ ಬೆರಳಚ್ಚು ಕಲಿತರು. ಕಚೇರಿಗಳಲ್ಲಿ ಕನ್ನಡ ಉಳಿದದ್ದರಲ್ಲಿ ಈ ತಂತ್ರಾಂಶಗಳ ಪಾಲು ದೊಡ್ಡದು.

ಆದರೆ ಈ ಉಪಾಯಕ್ಕೆ ಒಂದು ಬೆಲೆ ಇದೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಓರೆಗೆರೆಯ ಎ, ಹೀಗೆ ಏಳು ಗುರುತುಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ. ಅದರಲ್ಲಿ ಇದ್ದದ್ದೇ ಅದು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿತ್ತು. ಹೊಸ ವ್ಯವಸ್ಥೆ ಹಾಕಿಸಿಕೊಂಡು ಬಂದ ಶಿಕ್ಷಕರು ಇದನ್ನು ಕಂಡು ‘ವೈರಸ್ ಬಂದಿದೆ’ ಎಂದು ಕಡತಗಳನ್ನೇ ಅಳಿಸಿಬಿಟ್ಟರೆ ಹತ್ತು ವರ್ಷದ ಶ್ರಮ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ದಯವಿಟ್ಟು ಅಳಿಸಬೇಡಿ. ನುಡಿಯನ್ನು ಮತ್ತೆ ಸ್ಥಾಪಿಸಿದರೆ ಎಲ್ಲವೂ ಕಾಣುತ್ತದೆ.

ಯುನಿಕೋಡ್‌ನಲ್ಲಿ ಈ ತೊಂದರೆ ಇಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸಂಖ್ಯೆಗಳ ಸ್ವಂತ ಜಾಗ ಸಿಕ್ಕಿತು. ‘ಕ’ ಅಕ್ಷರಕ್ಕೆ 3221, ‘ನ’ಕ್ಕೆ 3240, ‘ಡ’ಕ್ಕೆ 3233. ಈ ಸಂಖ್ಯೆಗಳು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಿಮ್ಮ ಮೊಬೈಲಿನಲ್ಲೂ ಒಂದೇ. ವಿಂಡೋಸ್‌ಗೆ ಯುನಿಕೋಡ್ ಕನ್ನಡ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರೇನು ಗೊತ್ತೆ? ತುಂಗಾ! ಶಿವಮೊಗ್ಗದವರು ಹೆಮ್ಮೆಪಡಬಹುದು.

ಆದ್ದರಿಂದ ವ್ಯವಸ್ಥೆ ಬದಲಿಸುವ ಮೊದಲು ನುಡಿಯ ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಒಳ್ಳೆಯದು. ಪರಿವರ್ತಿಸುವ ಸೌಲಭ್ಯ ನುಡಿಯಲ್ಲೂ ಬರಹದಲ್ಲೂ ಇದೆ. ಆದರೆ ಪರಿವರ್ತಕ ಹೇಳಿದ್ದನ್ನೆಲ್ಲ ನಂಬಬೇಡಿ. ಅರ್ಕಾವೊತ್ತು, ಎರಡು ಒತ್ತು ಬರುವ ಪದಗಳು, ಇಂಗ್ಲಿಷ್ ಬೆರೆತ ಸಾಲುಗಳು ಕೆಡುವ ಸಂಭವವಿದೆ. ದಾಖಲಾತಿ ಪಟ್ಟಿಯಲ್ಲಿ ಮಗುವಿನ ಹೆಸರಿನ ಒಂದು ಒತ್ತು ತಪ್ಪಿದರೆ ಮುಂದೆ ವರ್ಗಾವಣೆ ಪತ್ರದಲ್ಲಿ ಎಷ್ಟು ತೊಂದರೆ ಎಂಬುದು ಮುಖ್ಯ ಶಿಕ್ಷಕರಿಗೆ ಗೊತ್ತು. ಮಕ್ಕಳ ವಿವರಗಳಿಲ್ಲದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಏಳನೆಯ ತರಗತಿಯ ಇಬ್ಬರು ಮಕ್ಕಳಿಗೆ ಕೊಟ್ಟು, ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸಿ ತಪ್ಪು ಹುಡುಕಲು ಹೇಳಿ. ವ್ಯಾಕರಣದ ಪಾಠವೂ ಆದೀತು. ಹೆಸರಿನ ಪಟ್ಟಿಗಳನ್ನು ಮಾತ್ರ ಶಿಕ್ಷಕರೇ ನೋಡಬೇಕು.

ಈಗ ಮೂರನೆಯ ಸ್ಥಿತಿ. ಯಂತ್ರ ಚೆನ್ನಾಗಿದೆ, ಅಂತರಜಾಲಕ್ಕೂ ಹೋಗಬೇಕು, ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಸರ್ಕಾರಿ ಶಾಲೆಗಳ ಎಷ್ಟೋ ಲ್ಯಾಪ್‌ಟಾಪ್‌ಗಳ ಸ್ಥಿತಿ ಇದೇ ಇದ್ದೀತು. ಮೈಕ್ರೋಸಾಫ್ಟ್ ಮನೆಬಳಕೆಯವರಿಗೆ ತೇಪೆಯ ಸೇವೆಯನ್ನು ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ವಿಸ್ತರಿಸಿತು. ಶಿಕ್ಷಣ ಸಂಸ್ಥೆಗಳಿಗೆ ಪ್ರತಿ ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರ್ ಎಂಬ ದರವನ್ನು ಪ್ರಕಟಿಸಿತು. ಇದು ಚಹಾ ಖರ್ಚಿಗಿಂತ ಹೆಚ್ಚಿಲ್ಲ. ಆದರೆ ಸಂಸ್ಥೆಗಳ ಸಗಟು ಪರವಾನಗಿಯ ಮೂಲಕ ಪಡೆಯಬೇಕಾದ ಸೇವೆ ಇದು. ಹಳ್ಳಿಯ ಶಾಲೆಯ ಮುಖ್ಯ ಶಿಕ್ಷಕರು ಒಂದು ಲ್ಯಾಪ್‌ಟಾಪಿಗಾಗಿ ಅಂಗಡಿಯಿಂದ ತರುವ ವಸ್ತುವಲ್ಲ. ಇಂಥ ಕಡೆ ಇಲಾಖೆಯೇ ಜಿಲ್ಲೆಗೊಂದು ಲೆಕ್ಕ ತೆಗೆದು, ಯಾವ ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವುದು ನ್ಯಾಯ. ಪ್ರತಿ ಶಾಲೆಯೂ ತಾನೇ ತಾನಾಗಿ ಅಂಗಡಿಯವರ ಮಾತು ಕೇಳಿ ತೀರ್ಮಾನಿಸುವಂತೆ ಬಿಡಬಾರದು.

ನಾನು ಹೆಚ್ಚು ಒಪ್ಪುವ ದಾರಿ ಮುಕ್ತ ತಂತ್ರಾಂಶದ್ದು. ಲಿನಕ್ಸ್ ಆಧಾರಿತ ಉಬುಂಟು, ಮಿಂಟ್, ಲುಬುಂಟು ಮುಂತಾದ ವ್ಯವಸ್ಥೆಗಳಿಗೆ ಹಣ ಕೊಡಬೇಕಿಲ್ಲ, ಎಷ್ಟು ಯಂತ್ರಗಳಿಗಾದರೂ ಹಾಕಬಹುದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ತೇಪೆ ಬರುತ್ತದೆ. ವಿಂಡೋಸ್ 11 ಒಪ್ಪದ ಏಳನೆಯ ಪೀಳಿಗೆಯ ಪ್ರೊಸೆಸರನ್ನು ಇವು ಧಾರಾಳವಾಗಿ ಒಪ್ಪುತ್ತವೆ. ಮೆಮೊರಿ ಕಡಿಮೆ ಇರುವ ಯಂತ್ರಕ್ಕೆ ಲುಬುಂಟುವಿನಂಥ ಹಗುರವಾದದ್ದನ್ನು ಆಯ್ದುಕೊಳ್ಳಬೇಕು.

‘ಅದೆಲ್ಲ ನಮ್ಮಂಥವರಿಗಲ್ಲ, ಇಂಜಿನಿಯರುಗಳಿಗೆ’ ಎನ್ನುವಿರಾ? ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು. ಕೆಲವು ವರ್ಷಗಳಲ್ಲಿ ಅದು ಮುಕ್ತ ತಂತ್ರಾಂಶಕ್ಕೆ ಬದಲಾಯಿತು. 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು 18.04, ಆ ಮೇಲೆ 22.04ರ ಆಧಾರದಿಂದ ಅವರು ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಪಠ್ಯಪುಸ್ತಕಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಅದರಲ್ಲಿಯೇ ಸೇರಿವೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಅಲ್ಲಿಯ ಕನ್ನಡ ಮಕ್ಕಳಿಗೆ ಲಿನಕ್ಸ್ ಎಂದರೆ ಭಯವಿಲ್ಲ. ಅವರ ಪಾಲಿಗೆ ಗಣಕಯಂತ್ರ ಎಂದರೆ ಅದೇ. ಇನ್ನೂ ಮುಖ್ಯವಾದುದು, ಯಾವಾಗ ಹೊಸ ಆವೃತ್ತಿಗೆ ಹೋಗಬೇಕು ಎಂಬ ತಲೆನೋವು ಅಲ್ಲಿ ಒಬ್ಬ ಶಿಕ್ಷಕರ ಮೇಲೆ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲೂ ಈ ಅನುಭವ ಇಲ್ಲದೆ ಇಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ನಡೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಕಾರ್ಯಕ್ರಮದಲ್ಲಿ ನಮ್ಮ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲಿಯೇ ಜಿಯೋಜಿಬ್ರಾ ಕಲಿತರು.

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ನುಡಿ ತಂತ್ರಾಂಶವು ವಿಂಡೋಸ್‌ಗಾಗಿ ರಚಿಸಿದ್ದು. ಲಿನಕ್ಸ್‌ನಲ್ಲಿ ಅದೇ ಕೀಲಿಮಣೆ ವಿನ್ಯಾಸ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ, ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ಆದರೆ ಅದು ಬರೆಯುವುದು ಯುನಿಕೋಡಿನಲ್ಲಿ. ಹಳೆಯ ಪ್ರಿಂಟರ್ ಹೊಂದಿಕೊಳ್ಳದಿರಬಹುದು. ವರ್ಡ್‌ನಲ್ಲಿ ಮಾಡಿದ ಕೋಷ್ಟಕಗಳು ಲಿಬ್ರೆ ಆಫೀಸಿನಲ್ಲಿ ತುಸು ಸರಿದು ಕಾಣಬಹುದು. ಎಸ್‌ಎಟಿಎಸ್‌ನಂಥ ಕೆಲಸ ಬ್ರೌಸರ್‌ನಲ್ಲಿಯೇ ನಡೆಯುವುದರಿಂದ ಅದಕ್ಕೆ ತೊಂದರೆಯಾಗಬಾರದು. ಆದರೂ ಮೊದಲು ಪೆನ್‌ಡ್ರೈವ್‌ನಿಂದಲೇ ಉಬುಂಟುವನ್ನು ನಡೆಸಿ ನೋಡಿ. ಡಿಸ್ಕನ್ನು ಮುಟ್ಟದೆ ಹೀಗೆ ಪರೀಕ್ಷಿಸುವ ಅನುಕೂಲ ಅದರಲ್ಲಿದೆ. ಪ್ರಿಂಟರ್, ಪ್ರೊಜೆಕ್ಟರ್, ವೈಫೈ, ಧ್ವನಿ ಎಲ್ಲ ಸರಿಯಿದ್ದರೆ ಮಾತ್ರ ಸ್ಥಾಪಿಸಿ. ಇದಕ್ಕಿಂತ ಒಳ್ಳೆಯ ಪ್ರಯೋಗ ವಿಜ್ಞಾನದ ಅವಧಿಯಲ್ಲಿ ಇನ್ನೇನಿದ್ದೀತು?

‘ಲ್ಯಾಪ್‌ಟಾಪ್ ನಿಧಾನ, ಹೊಸ ವಿಂಡೋಸ್ ಹಾಕಿದರೆ ವೇಗವಾದೀತು’ ಎಂದು ಆಸೆಪಡುವವರೂ ಉಂಟು. ಬಹಳ ಸಲ ನಿಧಾನಕ್ಕೆ ಕಾರಣ ವಿಂಡೋಸ್ ಅಲ್ಲ, ತಿರುಗುವ ಹಳೆಯ ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿದು ಬರುವ ಹೊತ್ತು ಬೇರೆ. ಹೀಗೆ ಸಾವಿರಾರು ಸಲ ಕಾಯುವುದೇ ನಮಗೆ ನಿಧಾನವಾಗಿ ಕಾಣುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಲ್ಯಾಪ್‌ಟಾಪ್ ಗುರುತು ಸಿಗದಷ್ಟು ಚುರುಕಾಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಹಣದ ಸಣ್ಣ ಪಾಲು ಇದಕ್ಕೆ ಸಾಕು. ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದನ್ನಂತೂ ನಾನು ಒಪ್ಪಲಾರೆ. ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ಪರಿಸರದ ಮೇಲೆ ಹೊರಿಸುವ ಭಾರದಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ.

ಯಾವ ದಾರಿ ಹಿಡಿದರೂ ಕಡತಗಳ ಪ್ರತಿ ಮೊದಲು. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ’ ಎಂದಾಗ ಸಿ ಡ್ರೈವ್ ಅಳಿಯುತ್ತದೆ. ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳೂ, ಡಾಕ್ಯುಮೆಂಟ್ಸ್ ಎಂಬ ಚೀಲದಲ್ಲಿರುವವೂ ಇರುವುದು ಸಾಮಾನ್ಯವಾಗಿ ಆ ಸಿ ಡ್ರೈವ್‌ನಲ್ಲಿಯೇ. ನುಡಿಯ ಫಾಂಟ್‌ಗಳು ಹೋಗುವುದೂ ಆಗಲೇ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಮಾಡಿ. ಮಾಡಿದ ಮೇಲೆ ಬೇರೊಂದು ಯಂತ್ರದಲ್ಲಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ತೆರೆಯದೆ ನಂಬಿದ ಪ್ರತಿ ಇದ್ದೂ ಇಲ್ಲದಂತೆ.

ಕೆಲಸಕ್ಕೆ ದಸರಾ ರಜೆ ಒಳ್ಳೆಯ ಸಮಯ. ಜೂನ್, ಜುಲೈನಲ್ಲಿ ದಾಖಲಾತಿಯ ಗಡಿಬಿಡಿ ಒಂದು ಕಡೆ, ಮಳೆಗೆ ಕೈಕೊಡುವ ಕರೆಂಟು ಇನ್ನೊಂದು ಕಡೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಅರ್ಧ ದಾರಿಯಲ್ಲಿ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ವಿಂಡೋಸ್ 11 ಇಳಿಸಿಕೊಳ್ಳಲು ಸುಮಾರು 5 ಜಿಬಿ ಬೇಕು. ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುವ ಯೋಜನೆಯಾದರೆ ಎಷ್ಟು ದಿನ ಬೇಕು, ಮಕ್ಕಳೆ, ಲೆಕ್ಕ ಹಾಕಿ. ಮನೆಬಳಕೆಯ ವಿಂಡೋಸ್ 11 ಹೊಸದಾಗಿ ಸ್ಥಾಪಿಸುವಾಗ ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ಅದಕ್ಕೆ ಯಾವುದೇ ಶಿಕ್ಷಕರ ಸ್ವಂತ ಇಮೇಲ್ ಕೊಡದೆ ಶಾಲೆಯ ಇಮೇಲನ್ನೇ ಕೊಡಿ. ಕೆಲವು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ, ಅದನ್ನು ತೆರೆಯುವ 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಖಾತೆಯ ಶಿಕ್ಷಕರು ವರ್ಗವಾಗಿ ಸೊರಬಕ್ಕೋ ಹೊಸನಗರಕ್ಕೋ ಹೋದ ಮೇಲೆ ಆ ಕೀಲಿಯನ್ನು ಹುಡುಕುವುದು ಕಷ್ಟ. ಕೀಲಿಯನ್ನು ಕಾಗದದ ಮೇಲೆ ಬರೆದು ಶಾಲೆಯ ಬೀರುವಿನಲ್ಲಿಡಿ.

ಎಲ್ಲ ಮುಗಿದ ಮೇಲೆ ತುಂಗಾ ಫಾಂಟಿನಲ್ಲಿ ಬರೆದ ಹಳೆಯ ಕಡತವನ್ನು ತೆರೆದಾಗ ಅಕ್ಷರಗಳ ಆಕಾರ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10 ಮತ್ತು 11ರಲ್ಲಿ ತುಂಗಾ ಇಲ್ಲದಿರಬಹುದು. ಅಂಥಲ್ಲಿ ಸಾಮಾನ್ಯವಾಗಿ ನಿರ್ಮಲಾ ಎಂಬ ಫಾಂಟ್ ಕಾಣುತ್ತದೆ. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳು ಎಂಬುದನ್ನು ಆಯ್ದು ಸೇರಿಸಿಕೊಂಡರೆ ತುಂಗಾ ಮತ್ತೆ ಬರುತ್ತದೆ.